ಖಾಲಿ ಉಳಿದ ಕಾಲಂ: ‘ಲಾಸ್ಟ್’ ನೋಡುತ್ತಾ ಕರ್ಮದ ಲೆಕ್ಕದಲ್ಲಿ ಸಿಕ್ಕಿಕೊಂಡ ಒಂದು ಗುಂಪಿನ ಪ್ರಕರಣ

ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಇದು ನಡೆದದ್ದು ನಮ್ಮ ಗುಂಪಿನಲ್ಲೇ. ಯಾರ ಹೆಸರನ್ನೂ ಬರೆಯುವುದಿಲ್ಲ, ಊರು ಹೇಳುವುದಿಲ್ಲ, ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದರಲ್ಲಿ ಮುಖ್ಯವಾಗಿ ಬರುವ ಇಬ್ಬರಿಗೂ ಓದಿಸಿ, ಅವರು ಸರಿ ಅಂದ ಮೇಲೆಯೇ ಹಾಕುತ್ತಿದ್ದೇನೆ. ಇನ್ನೊಂದು, ‘ಲಾಸ್ಟ್’ ಧಾರಾವಾಹಿಯ ಕಥೆಯೆಲ್ಲ ಇಲ್ಲಿ ಬಯಲಾಗುತ್ತದೆ. ನೋಡುವ ಆಸೆ ಇದ್ದರೆ ನೋಡಿ ಬಂದು ಓದಿ.

ಒಟ್ಟಿಗೆ ಕೂತು ಏನಾದರೂ ನೋಡಿ ಮಾತಾಡುವ ಗುಂಪು ನಡೆಸುವವರಿಗೆ ಇದು ಉಪಯೋಗಕ್ಕೆ ಬರಬಹುದು. ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ಒಂದು ನೋವು ತಪ್ಪುತ್ತಿತ್ತು.

ಹಿನ್ನೆಲೆ

ನಾವು ಏಳು ಜನ. ಶನಿವಾರ ಸಂಜೆ ಏಳಕ್ಕೆ ನಮ್ಮ ಮನೆಯ ಹಾಲ್‌ನಲ್ಲಿ ಸೇರುತ್ತಿದ್ದೆವು. ಎರಡು ಎಪಿಸೋಡ್ ನೋಡುವುದು, ಕಾಫಿ, ಆಮೇಲೆ ಒಂದು ಗಂಟೆ ಮಾತು. ಇಬ್ಬರು ಸಾಫ್ಟ್‌ವೇರ್ ಹುಡುಗರು, ಒಂದು ದಂಪತಿ, ನಾನು. ಉಳಿದ ಇಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಬ್ಬರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ನಾವೆಲ್ಲ ಅಕ್ಕ ಅಂತ ಕರೆಯುವವರು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅಕ್ಕನ ತಮ್ಮ ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದ. ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದಾಗ ಹಿಂದಿನಿಂದ ಲಾರಿ ಬಂದು ಗುದ್ದಿತ್ತು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದೆವು.

‘ಲಾಸ್ಟ್’ ಆರಿಸಿದ್ದು ಹುಡುಗರಲ್ಲೊಬ್ಬ. 2004ರ ಸೆಪ್ಟೆಂಬರ್ 22ಕ್ಕೆ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾಗಿ, ಆರು ಸೀಸನ್ ನಡೆದು, 2010ರ ಮೇ 23ಕ್ಕೆ ಮುಗಿದ ಧಾರಾವಾಹಿ ಅದು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಷಿಯಾನಿಕ್ 815 ಅನ್ನುವ ವಿಮಾನ ಗೊತ್ತಿಲ್ಲದ ಒಂದು ದ್ವೀಪದಲ್ಲಿ ಬಿದ್ದು, ಬದುಕಿ ಉಳಿದವರ ಕಥೆ. “ಇದರಲ್ಲಿ ಧರ್ಮ ಅಂತ ಒಂದು ಸಂಸ್ಥೆ ಇದೆ, ನಮಸ್ತೆ ಅಂತಾರೆ, ನಮಗೆ ಮಾತಾಡೋಕೆ ಜಾಸ್ತಿ ಸಿಗುತ್ತೆ” ಅಂದ ಹುಡುಗ.

ಅವನು ಹೇಳಿದ್ದು ನಿಜವೇ. ಕಥೆಯೊಳಗೆ ಧರ್ಮ ಇನಿಷಿಯೇಟಿವ್ ಅಂತ ಒಂದು ಸಂಶೋಧನಾ ತಂಡ ಬರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು 1970ರಲ್ಲಿ ಕಟ್ಟಿದ್ದು ಅಂತ ಕಥೆ. ಹೆಸರು ಸಂಸ್ಕೃತದ್ದಾಗಿ ಕಂಡರೂ ಅದು ‘ಡಿಪಾರ್ಟ್‌ಮೆಂಟ್ ಆಫ್ ಹ್ಯೂರಿಸ್ಟಿಕ್ಸ್ ಆ್ಯಂಡ್ ರಿಸರ್ಚ್ ಆನ್ ಮಟೀರಿಯಲ್ ಅಪ್ಲಿಕೇಶನ್ಸ್’ ಅನ್ನುವುದರ ಮೊದಲಕ್ಷರಗಳ ಜೋಡಣೆ. ನೆಲದಡಿ ಒಂದು ಕೋಣೆ, ಅದರಲ್ಲಿ ಒಂದು ಹಳೇ ಕಂಪ್ಯೂಟರ್. 108 ನಿಮಿಷಕ್ಕೊಮ್ಮೆ ಆರು ಸಂಖ್ಯೆ ಹಾಕಿ ಗುಂಡಿ ಒತ್ತಬೇಕು: 4, 8, 15, 16, 23, 42. ಒತ್ತದಿದ್ದರೆ ಅನಾಹುತ. ಪರದೆ ಮೇಲೆ ಸಂಖ್ಯೆ ಬಂದ ಕೂಡಲೇ ಮೇಷ್ಟ್ರು ಕೂಡಿ, “ನೂರಾ ಎಂಟು!” ಅಂತ ಕೂಗಿದರು. “ನನ್ನ ಜಪಮಣಿಯಷ್ಟೇ” ಅಂದರು ಅಕ್ಕ. ಆವತ್ತು ಎಷ್ಟು ಖುಷಿಯಾಗಿದ್ದೆವು ಅಂದರೆ ಮಾತು ಮುಗಿಯುವಾಗ ರಾತ್ರಿ ಹನ್ನೊಂದಾಗಿತ್ತು.

ತೊಡಕು ಎಲ್ಲಿ ಶುರುವಾಯಿತು

ಲಾಸ್ಟ್ ಕಥೆ ಹೇಳುವ ರೀತಿಯೇ ನೋಡುವವರನ್ನು ಲೆಕ್ಕಕ್ಕೆ ಕೂರಿಸುತ್ತದೆ. ಒಬ್ಬರ ಹಿಂದಿನ ಬದುಕಿನ ಒಂದು ತುಣುಕು, ಅದರ ಪಕ್ಕಕ್ಕೇ ದ್ವೀಪದಲ್ಲಿ ಅವರಿಗೆ ಈಗ ಆಗುತ್ತಿರುವುದು. ಹಾಗಾಗಿ ಇದಕ್ಕೆ ಅದು, ಅದಕ್ಕೆ ಇದು ಅಂತ ಮನಸ್ಸು ತಾನಾಗಿಯೇ ಗಂಟು ಹಾಕುತ್ತಾ ಹೋಗುತ್ತದೆ.

ಸಾಯರ್ ಅನ್ನುವವನನ್ನೇ ತೆಗೆದುಕೊಳ್ಳಿ. ಅವನು ಚಿಕ್ಕವನಿದ್ದಾಗ ಆ ಹೆಸರಿನ ಒಬ್ಬ ಮೋಸಗಾರ ಅವನ ಮನೆ ಹಾಳುಮಾಡಿರುತ್ತಾನೆ. ಅದರಿಂದ ಹುಡುಗನ ಅಪ್ಪನೇ ಅಮ್ಮನನ್ನು ಕೊಂದು, ತಾನೂ ಗುಂಡು ಹಾರಿಸಿಕೊಳ್ಳುತ್ತಾನೆ. ಸೇಡು ತೀರಿಸಬೇಕು ಅಂತ ಬೆಳೆದ ಹುಡುಗ ಕೊನೆಗೆ ಅದೇ ಹೆಸರು ಇಟ್ಟುಕೊಂಡು, ಅದೇ ಮೋಸದ ಕಸುಬು ಹಿಡಿಯುತ್ತಾನೆ. ಆಸ್ಟ್ರೇಲಿಯಾದಲ್ಲಿ ಅವನೇ ಇವನು ಅಂತ ಯಾರೋ ತೋರಿಸಿದ ಒಬ್ಬ ಸಿಗಡಿ ಮಾರುವವನನ್ನು ಗುಂಡಿಟ್ಟು ಕೊಂದರೆ, ಅವನು ಬೇರೆಯವನು. ಸಾಯುತ್ತಾ ಆ ಮನುಷ್ಯ, ಇದು ತಿರುಗಿ ನಿನ್ನ ಹತ್ತಿರವೇ ಬರುತ್ತೆ ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ಸಾಯಿದ್ ಇರಾಕಿ ಸೈನ್ಯದಲ್ಲಿ ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟವನು. (ಆ ಪಾತ್ರ ಮಾಡಿದ ನವೀನ್ ಆ್ಯಂಡ್ರೂಸ್ ಅವರ ತಂದೆ ತಾಯಿ ಕೇರಳ ಮೂಲದವರು.) ಆಸ್ತಮಾ ಔಷಧಿ ಬಚ್ಚಿಟ್ಟಿದ್ದಾನೆ ಅಂತ ಸಾಯರ್‌ಗೂ ಅವನು ಅದೇ ಹಿಂಸೆ ಕೊಡುತ್ತಾನೆ. ನೋಡಿದರೆ ಸಾಯರ್ ಹತ್ತಿರ ಔಷಧಿಯೇ ಇಲ್ಲ. ನಾಚಿಕೆ ತಾಳಲಾರದೆ ಸಾಯಿದ್ ಒಬ್ಬನೇ ಎಲ್ಲರನ್ನೂ ಬಿಟ್ಟು ಹೊರಡುತ್ತಾನೆ.

ಇಂಥದ್ದೆಲ್ಲ ನೋಡಿ ಮೇಷ್ಟ್ರು ಒಂದು ನೋಟ್‌ಬುಕ್ ತಂದರು. ಇನ್ನೂರು ಪುಟದ್ದು, ಗಟ್ಟಿ ರಟ್ಟು. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದಿದ್ದರು. ಎಡಗಡೆ ‘ಮಾಡಿದ್ದು’, ಬಲಗಡೆ ‘ಉಂಡದ್ದು’. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’. ಪಾತ್ರ ಸತ್ತರೆ ಕೆಂಪು ಶಾಯಿ.

ಅದನ್ನು ಅವರು ಒಬ್ಬರೇ ಬರೆಯಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ನಾವೆಲ್ಲ ಸೇರಿ ಬರೆಸಿದೆವು. ಮೊದಲ ಸೀಸನ್‌ನಲ್ಲಿ ಬೂನ್ ಅನ್ನುವ ಪಾತ್ರ ಸತ್ತಾಗ ಎಡಗಡೆ ಏನು ಬರೆಯಬೇಕು ಅಂತ ನಾನೇ ಹೇಳಿಕೊಟ್ಟೆ. ಅಕ್ಕನೂ ಒಂದೆರಡು ಸಲ ಹೇಳಿದ್ದರು. ಲೆಕ್ಕ ಹೊಂದಿದಾಗ ಒಂಥರಾ ಸಮಾಧಾನ ಆಗುತ್ತಿತ್ತು, ಬೀಗಕ್ಕೆ ಸರಿಯಾದ ಕೀಲಿಕೈ ಸಿಕ್ಕ ಹಾಗೆ.

ಎರಡನೇ ಸೀಸನ್‌ನ 20ನೇ ಎಪಿಸೋಡ್ ಬಂತು. ಮೈಕಲ್ ಅನ್ನುವವನ ಮಗನನ್ನು ದ್ವೀಪದ ಇನ್ನೊಂದು ಗುಂಪು ಎತ್ತಿಕೊಂಡು ಹೋಗಿದೆ. ಮಗನನ್ನು ಬಿಡಿಸಿಕೊಳ್ಳಲು ಅವನು ತನ್ನ ಕಡೆಯವರು ಹಿಡಿದಿಟ್ಟಿರುವ ಆ ಗುಂಪಿನವನೊಬ್ಬನನ್ನು ಹೊರಗೆ ಬಿಡಬೇಕು, ಅದಕ್ಕಾಗಿ ಕಾವಲಿಗಿದ್ದ ಆ್ಯನಾ ಲೂಸಿಯಾಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅದೇ ಹೊತ್ತಿಗೆ ಲಿಬ್ಬಿ ಅನ್ನುವ ಹೆಂಗಸು ಒಳಗೆ ಬರುತ್ತಾಳೆ. ಹರ್ಲಿ ಅನ್ನುವ ಗೆಳೆಯನ ಜೊತೆ ಕಡಲ ದಂಡೆಯಲ್ಲಿ ಕೂತು ಊಟ ಮಾಡೋಣ ಅಂತ ಹೊರಟವಳು, ಹಾಸಿಕೊಳ್ಳಲು ಏನೂ ಇಲ್ಲವಲ್ಲ ಅಂತ ಕಂಬಳಿ ತರಲು ಬಂದಿರುತ್ತಾಳೆ. ಕೈಯಲ್ಲಿ ಕಂಬಳಿ. ಮೈಕಲ್ ಬೆಚ್ಚಿ ತಿರುಗಿ ಅವಳಿಗೂ ಹೊಡೆದುಬಿಡುತ್ತಾನೆ.

ಆ್ಯನಾ ಲೂಸಿಯಾಳ ಸಾಲು ಮೇಷ್ಟ್ರು ಒಂದೇ ನಿಮಿಷದಲ್ಲಿ ತುಂಬಿಸಿದರು, ಅವಳು ಹಿಂದೆ ಕೊಲೆ ಮಾಡಿದ್ದಳು. ಲಿಬ್ಬಿಯ ಹತ್ತಿರ ಪೆನ್ನು ನಿಂತಿತು.

“ಇವಳ ಲೆಕ್ಕ ಹೊಂದಲ್ಲವಲ್ಲ” ಅಂದರು.

“ಅವಳೇನೂ ಮಾಡಿಲ್ಲ ಸರ್” ಅಂದ ಹುಡುಗ.

“ತೋರಿಸಿಲ್ಲ ಅಷ್ಟೇ. ಇರುತ್ತೆ. ಈ ಜನ್ಮದ್ದಲ್ಲದಿದ್ದರೆ ಹಿಂದಿನ ಜನ್ಮದ್ದು. ಸುಮ್‌ಸುಮ್ನೆ ಯಾರಿಗೂ ಹೀಗೆ ಆಗಲ್ಲ.” ಹೇಳುತ್ತಲೇ ಎಡಗಡೆ ‘ಹಿಂದಿನ ಜನ್ಮ’ ಅಂತ ಕೆಂಪಲ್ಲಿ ಬರೆದರು.

ಅಕ್ಕ ಕಾಫಿ ಲೋಟ ಹಿಡಿದುಕೊಂಡು ಕೂತಿದ್ದರು. ಲೋಟವನ್ನು ಮೆಲ್ಲಗೆ ನೆಲದ ಮೇಲಿಟ್ಟರು. “ನನ್ನ ತಮ್ಮನಿಗೂ ಒಂದು ಸಾಲು ಹಾಕಿದ್ದೀರಾ ಮೇಷ್ಟ್ರೇ?” ಅಂದರು. ಯಾರೂ ಉಸಿರೆತ್ತಲಿಲ್ಲ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು.

ನಾವು ಮಾಡಿದ ಪ್ರಯತ್ನಗಳು

ಅಕ್ಕ ಬರುವವರೆಗೆ ಮುಂದಿನ ಎಪಿಸೋಡ್ ನೋಡುವುದು ಬೇಡ ಅಂತ ತೀರ್ಮಾನವಾಯಿತು. ಇದೊಂದು ಸರಿಯಾದ ತೀರ್ಮಾನ. ಆಮೇಲಿನ ಮೂರು ತಪ್ಪು.

ಮೊದಲನೆಯದು, ‘ಕರ್ಮ’ ಅನ್ನುವ ಪದವನ್ನೇ ಬಳಸಬಾರದು ಅಂತ ವಾಟ್ಸಾಪ್‌ನಲ್ಲಿ ಹಾಕಿದೆ. ಆ ಶನಿವಾರ ಹಳೇ ಎಪಿಸೋಡ್ ಒಂದನ್ನು ಮತ್ತೆ ನೋಡಿದೆವು, ಹರ್ಲಿಯದ್ದು. ಅವೇ ಆರು ಸಂಖ್ಯೆ ಹಾಕಿ ಅವನಿಗೆ ಲಾಟರಿ ಹೊಡೆದಿರುತ್ತದೆ. ಹಣ ಬಂದ ಮೇಲೆ ತಾತ ಸಾಯುತ್ತಾನೆ, ಅಮ್ಮನಿಗೆ ಕೊಂಡ ಮನೆಗೆ ಬೆಂಕಿ ಬೀಳುತ್ತದೆ, ಆ ಸಂಖ್ಯೆಗಳಿಗೇ ಶಾಪ ಇದೆ ಅಂತ ಅವನು ನಂಬಿರುತ್ತಾನೆ. ಚರ್ಚೆ ಶುರುವಾಯಿತು. ಯಾರೂ ಕರ್ಮ ಅನ್ನಲಿಲ್ಲ. ಗ್ರಹಚಾರ ಅಂದರು, ಹಣೆಬರಹ ಅಂದರು, ಪಾಪದ ದುಡ್ಡು ಅಂದರು, ಋಣ ಅಂದರು. ಪದ ಹೋಯಿತು, ಯೋಚನೆ ಅಲ್ಲೇ ಇತ್ತು. ನಮ್ಮ ಭಾಷೆಯಲ್ಲಿ ಆ ಯೋಚನೆಗೆ ಎಷ್ಟು ಬಾಗಿಲು ಇದೆ ಅಂತ ಆವತ್ತು ತಿಳಿಯಿತು.

ಎರಡನೆಯದು ಹುಡುಗರಿಂದ ಬಂತು. ಇದು ಬರೀ ಕಥೆ, ಬರೆಯುವವರು ಬೇಕಾದವರನ್ನು ಸಾಯಿಸುತ್ತಾರೆ, ಇದರಲ್ಲಿ ಕರ್ಮವೂ ಇಲ್ಲ ಧರ್ಮವೂ ಇಲ್ಲ ಅಂತ. ಮಾತು ಸುಳ್ಳಲ್ಲ. ಆದರೆ ಅಷ್ಟೇ ಅಂದರೆ ನಾವು ಸೇರಿ ಮಾತಾಡುವುದಕ್ಕೆ ಏನು ಉಳಿಯಿತು? ಜೊತೆಗೆ, ಕಥೆಯನ್ನು ಪಕ್ಕಕ್ಕಿಟ್ಟರೆ ಅಕ್ಕನ ನೋವು ಪಕ್ಕಕ್ಕೆ ಹೋಗುವುದಿಲ್ಲ.

ಮೂರನೆಯದು ನನ್ನದು, ಅದಕ್ಕೇ ಜಾಸ್ತಿ ಬೇಜಾರು. ನಾನು ಒಂದು ವಾರ ಓದಿ ತಯಾರಿ ಮಾಡಿಕೊಂಡು ಬಂದೆ. ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕ, ಕೆಲಸದ ಮೇಲೆ ಮಾತ್ರ ನಿನ್ನ ಅಧಿಕಾರ, ಫಲದ ಮೇಲಲ್ಲ ಅನ್ನುವುದು. ಆಮೇಲೆ ಸಂಚಿತ (ಹಿಂದಿನ ಜನ್ಮಗಳಿಂದ ಕೂಡಿಬಂದದ್ದು), ಪ್ರಾರಬ್ಧ (ಅದರಲ್ಲಿ ಈಗ ಉಣ್ಣುತ್ತಿರುವುದು), ಆಗಾಮಿ (ಈಗ ಮಾಡಿ ಮುಂದಕ್ಕೆ ಸೇರುವುದು) ಅಂತ ಕರ್ಮದ ಮೂರು ಬಗೆ. ಕರ್ಮ ಅಂದರೆ ಮೂಲದಲ್ಲಿ ಬರೀ ‘ಮಾಡುವುದು’, ಶಿಕ್ಷೆ ಅಲ್ಲ ಅಂತ ತೋರಿಸಬೇಕು ಅಂತಿತ್ತು ನನಗೆ. ನಲವತ್ತು ನಿಮಿಷ ಮಾತಾಡಿದೆ. ಮೇಷ್ಟ್ರು ಬಹಳ ಗಮನ ಕೊಟ್ಟು ಕೇಳಿದರು. ಮುಗಿದ ಮೇಲೆ ನೋಟ್‌ಬುಕ್ ತೆಗೆದು ಎಡಗಡೆ ಕಾಲಂ ಅನ್ನು ಎರಡು ಭಾಗ ಮಾಡಿ ಗೆರೆ ಎಳೆದರು, ಒಂದಕ್ಕೆ ‘ಸಂಚಿತ’ ಅಂತ ಹೆಸರಿಟ್ಟರು. ಲೆಕ್ಕ ಸಡಿಲ ಆಗಲಿ ಅಂತ ಹೇಳಿದ ಪಾಠದಿಂದ ಲೆಕ್ಕ ಇನ್ನಷ್ಟು ಗಟ್ಟಿಯಾಯಿತು.

ಇಷ್ಟು ದಿನದಲ್ಲಿ ಯಾರೊಬ್ಬರೂ ಅಕ್ಕನ ಮನೆಗೆ ಹೋಗಿರಲಿಲ್ಲ. ಮೂರು ವಾರ.

ತಿರುವು

ನಾಲ್ಕನೇ ವಾರ ನಾನು ಹೋದೆ. ಅಕ್ಕ ಹಿತ್ತಲ ಕಟ್ಟೆ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನೂ ಕೂತು ಬೀಜ ತೆಗೆಯತೊಡಗಿದೆ. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಶುರು ಮಾಡಿದರು.

“ಅವನು ಹೋದಾಗ ಬಂದವರೆಲ್ಲ ಏನು ಕರ್ಮ ಮಾಡಿದ್ದನೋ ಅಂದ್ರು. ಮಾಡಿದ್ದೇನು ಅಂತ ಕೇಳಿದ್ರು. ಅವನು ಹೋದ ಮೇಲೆ ನೀನು ಏನು ಮಾಡ್ತಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ.”

“ಏನು ಮಾಡ್ತಿದ್ದೀರಾ ಅಕ್ಕ?” ಅಂದೆ. ಬೇರೆ ಏನು ಕೇಳಬೇಕೋ ಹೊಳೆಯಲಿಲ್ಲ.

ಅವರ ಬೀದಿಯಲ್ಲಿ ಒಬ್ಬರು ವಯಸ್ಸಾದವರಿದ್ದಾರೆ, ಮಕ್ಕಳು ಹತ್ತಿರ ಇಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್. ತಮ್ಮ ಇದ್ದಾಗ ಅವನೇ ಕರೆದುಕೊಂಡು ಹೋಗುತ್ತಿದ್ದ, ಸಂಬಂಧ ಏನೂ ಅಲ್ಲ. ಅವನ ಹದಿಮೂರನೇ ದಿನ ಮುಗಿದ ಮೇಲೆ ಅಕ್ಕ ಆ ಮನೆ ಬಾಗಿಲಿಗೆ ಹೋಗಿ, “ಮಂಗಳವಾರ ಎಷ್ಟು ಹೊತ್ತಿಗೆ ಹೊರಡಬೇಕು?” ಅಂತ ಕೇಳಿದರಂತೆ. ಅಲ್ಲಿಂದ ನಾಲ್ಕು ವರ್ಷ. ಆಟೋದಲ್ಲಿ ಹೋಗುವುದು, ನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ ಕೂತು ಬಟ್ಟೆಗೆ ಗುಂಡಿ ಹೊಲಿಯುವುದು, ಕರೆದುಕೊಂಡು ಬರುವುದು. ನಾವು ವಾರವಾರ ಅವರ ಜೊತೆ ಕೂತವರು, ನಮಗೆ ಇದು ಗೊತ್ತೇ ಇರಲಿಲ್ಲ.

“ಅದೇನು ದೊಡ್ಡದಲ್ಲ. ಅವನು ಅರ್ಧಕ್ಕೆ ಬಿಟ್ಟುಹೋದ ಕೆಲಸ. ಯಾರಾದರೂ ಮಾಡಬೇಕಲ್ವಾ” ಅಂದರು.

ನಮ್ಮಲ್ಲಿ ಧರ್ಮ ಅನ್ನುವ ಪದಕ್ಕೆ ಎಷ್ಟೊಂದು ಅರ್ಥ ಅಂಟಿಕೊಂಡಿದೆ ನೋಡಿ. ಅರ್ಜಿಯಲ್ಲಿ ತುಂಬಿಸುವ ಧರ್ಮ ಒಂದು, ಭಿಕ್ಷೆಯವರು ಕೇಳುವ ‘ಧರ್ಮ ಮಾಡಿ’ ಒಂದು, ಪುಕ್ಕಟೆ ಸಿಕ್ಕರೆ ‘ಧರ್ಮಕ್ಕೆ ಸಿಕ್ತು’, ಜನ ಸೇರಿ ಹೊಡೆದರೆ ‘ಧರ್ಮದೇಟು’. ಅಕ್ಕ ಆ ಪದವನ್ನು ಎತ್ತಲೇ ಇಲ್ಲ. ಆದರೆ ನಾನು ನಲವತ್ತು ನಿಮಿಷ ಹುಡುಕಿದ್ದು ಆ ಬೆಂಚಿನ ಮೇಲಿತ್ತು.

ಮನೆಗೆ ಬರುತ್ತಾ ಒಂದು ತೀರ್ಮಾನ ಮಾಡಿಕೊಂಡೆ. ಗುಂಪಿನಲ್ಲಿ ಕೇಳುವ ಮೊದಲ ಪ್ರಶ್ನೆಯನ್ನೇ ಬದಲಿಸಬೇಕು. ‘ಇವನಿಗೆ ಹೀಗೆ ಯಾಕಾಯಿತು’ ಅನ್ನುವುದು ಬೇಡ. ‘ಹೀಗಾದ ಮೇಲೆ ಇವನ ಮುಂದೆ ಇರುವ ಕೆಲಸ ಏನು, ಅದನ್ನು ಮಾಡಿದನಾ’ ಅನ್ನುವುದು ಇರಲಿ.

ಮೇಷ್ಟ್ರಿಗೆ ಹೇಳಿದೆ. ಮೊದಲು ಒಪ್ಪಲಿಲ್ಲ. “ನಾನು ಆಕೆಯ ತಮ್ಮನಿಗೆ ಏನೂ ಅನ್ನಲಿಲ್ಲವಲ್ಲ” ಅಂದರು. ನಿಜ, ಅಂದಿರಲಿಲ್ಲ. ಡಯಾಲಿಸಿಸ್ ವಿಷಯ ಹೇಳಿದಾಗ ಸುಮ್ಮನಾದರು. ಎರಡು ದಿನ ಬಿಟ್ಟು ಅವರೇ ಅಕ್ಕನ ಮನೆಗೆ ಹೋಗಿದ್ದಾರೆ. ಅಲ್ಲಿ ಏನು ಮಾತಾಯಿತು ಅಂತ ಇಬ್ಬರೂ ಹೇಳಿಲ್ಲ, ನಾನೂ ಕೇಳಿಲ್ಲ. ಆ ಶನಿವಾರ ಅಕ್ಕ ಬಂದರು. ನೋಟ್‌ಬುಕ್ ಇರಲಿ, ಆದರೆ ಗಟ್ಟಿಯಾಗಿ ಓದಬಾರದು ಅನ್ನುವುದೊಂದೇ ಅವರ ಷರತ್ತು.

ಆಮೇಲೆ ಏನಾಯಿತು

ಈಗ ಬಂದ ಎಪಿಸೋಡ್‌ಗಳು ನಮ್ಮನ್ನೇ ನೋಡಿ ಬರೆದ ಹಾಗಿದ್ದವು. 21ನೆಯದರಲ್ಲಿ ಲಾಕ್ ಮತ್ತು ಎಕೋ ಅನ್ನುವ ಇಬ್ಬರಿಗೆ ದ್ವೀಪದಲ್ಲಿ ಧರ್ಮ ತಂಡದ ಇನ್ನೊಂದು ಕೋಣೆ ಸಿಗುತ್ತದೆ, ಪರ್ಲ್ ಅಂತ ಅದರ ಹೆಸರು. ಅಲ್ಲೊಂದು ಹಳೇ ಫಿಲ್ಮ್. ಗುಂಡಿ ಒತ್ತುವ ಸ್ವಾನ್ ಕೋಣೆಯವರ ಮೇಲೆ ನಡೆಯುತ್ತಿರುವುದು ಒಂದು ಮನಃಶಾಸ್ತ್ರದ ಪ್ರಯೋಗ, ಪರದೆಯಲ್ಲಿ ಅವರನ್ನು ನೋಡುತ್ತಾ ಅವರು ಮಾಡಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದು, ಕೊಳವೆಯಲ್ಲಿ ಹಾಕಿ ಕಳಿಸುವುದೇ ನಿಮ್ಮ ಕೆಲಸ ಅಂತ ಅದು ಪರ್ಲ್‌ನವರಿಗೆ ಹೇಳುತ್ತದೆ.

ಲಾಕ್ ಕುಸಿದುಹೋಗುತ್ತಾನೆ. ನಾಲ್ಕು ವರ್ಷ ಗಾಲಿಕುರ್ಚಿಯಲ್ಲಿದ್ದು, ವಿಮಾನ ಬಿದ್ದ ಮೇಲೆ ಎದ್ದು ನಡೆದವನು ಅವನು. ದ್ವೀಪ ತನಗೆ ಒಂದು ಕೆಲಸ ಕೊಟ್ಟಿದೆ ಅಂತ ನಂಬಿದ್ದವನಿಗೆ, ಗುಂಡಿಯೇ ಸುಳ್ಳು ಅನ್ನಿಸಿಬಿಡುತ್ತದೆ. ಎಕೋಗೆ ಹಾಗೆ ಅನ್ನಿಸುವುದಿಲ್ಲ. ಅದೇ ಫಿಲ್ಮ್ ನೋಡಿ, ನೀನು ಒತ್ತದಿದ್ದರೆ ನಾನು ಒತ್ತುತ್ತೇನೆ ಅಂತ ಎದ್ದು ನಿಲ್ಲುತ್ತಾನೆ. ಚಿಕ್ಕವನಿದ್ದಾಗ ತಮ್ಮನ ಕೈಗೆ ರಕ್ತ ಅಂಟಬಾರದು ಅಂತ ತಾನೇ ಕೊಲೆ ಮಾಡಿ, ಆ ದಾರಿಯಲ್ಲೇ ದೊಡ್ಡವನಾಗಿ, ಆಮೇಲೆ ಪಾದ್ರಿಯ ಬಟ್ಟೆ ತೊಟ್ಟ ಮನುಷ್ಯ ಅವನು. ಎಡಗಡೆ ಕಾಲಂ ಅವನದ್ದಷ್ಟು ತುಂಬಿದ್ದು ಇನ್ನೊಬ್ಬರದ್ದಿಲ್ಲ. ಆದರೂ ನಮಗೆಲ್ಲ ಅವತ್ತು ಕಣ್ಣಿಗೆ ಬಿದ್ದದ್ದು ಅವನು ಮುಂದೆ ಏನು ಮಾಡಲು ಎದ್ದ ಅನ್ನುವುದೇ.

ಮುಂದಿನ ಶನಿವಾರ ಸೀಸನ್‌ನ ಕೊನೆ. ಜ್ಯಾಕ್ ಅನ್ನುವವನು ಮತ್ತು ಅವನ ಜೊತೆಯವರು ಕಾಡು ದಾಟಿ ಹೋಗುತ್ತಿರುವಾಗ ಒಂದು ಬಯಲಿನಲ್ಲಿ ರಾಶಿ ಬಿದ್ದಿದೆ. ಪರ್ಲ್‌ನಿಂದ ಕೊಳವೆಯಲ್ಲಿ ಬಂದ ಡಬ್ಬಿಗಳು, ಒಳಗೆ ನೋಟ್‌ಬುಕ್. ಯಾರೂ ತೆಗೆದು ನೋಡಿಲ್ಲ. ವರ್ಷಗಟ್ಟಲೆ ಅಷ್ಟು ಶ್ರದ್ಧೆಯಿಂದ ಬರೆದದ್ದೆಲ್ಲ ಹುಲ್ಲಿನ ಮೇಲೆ ಬಿದ್ದಿದೆ.

“ಒಂದು ನಿಮಿಷ ನಿಲ್ಲಿಸಿ” ಅಂದರು ಮೇಷ್ಟ್ರು. ನಿಲ್ಲಿಸಿದೆ. ಪರದೆಯ ಮೇಲೆ ಆ ರಾಶಿ ಹಾಗೇ ನಿಂತಿತ್ತು. ಅವರ ತೊಡೆಯ ಮೇಲೆ ಅವರ ನೋಟ್‌ಬುಕ್. “ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದೆ. ಅವೆಲ್ಲ ಎಲ್ಲಿವೆಯೋ” ಅಂದರು. ಯಾರಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ಅಕ್ಕ “ಮುಂದಕ್ಕೆ ಹಾಕಪ್ಪ” ಅಂದರು.

ಮುಂದೆ ಲಾಕ್ ಗುಂಡಿ ಒತ್ತಲು ಬಿಡುವುದಿಲ್ಲ, ಕಂಪ್ಯೂಟರ್ ಒಡೆದುಹಾಕುತ್ತಾನೆ. ಆಗ ಡೆಸ್ಮಂಡ್, ಮೂರು ವರ್ಷ ಅಲ್ಲಿ ಗುಂಡಿ ಒತ್ತಿಕೊಂಡಿದ್ದವನು, ಪರ್ಲ್‌ನಿಂದ ತಂದ ಯಂತ್ರದ ಮುದ್ರಣದಲ್ಲಿ ಒಂದು ತಾರೀಕು ನೋಡುತ್ತಾನೆ: 2004ರ ಸೆಪ್ಟೆಂಬರ್ 22. ಒಂದೇ ಒಂದು ಸಲ ಅವನು ಸಮಯಕ್ಕೆ ಒತ್ತದೆ ಹೋಗಿದ್ದ ದಿನ. ವಿಮಾನ ಬಿದ್ದದ್ದೂ ಅದೇ ದಿನ. ಗುಂಡಿ ನಿಜವಾಗಿತ್ತು. ಕಾಲ ಮೀರಿ ಕೋಣೆಯೆಲ್ಲ ನಡುಗುವಾಗ ಲಾಕ್ ಎಕೋಗೆ, ನಾನು ತಪ್ಪು ಮಾಡಿದೆ ಅನ್ನುತ್ತಾನೆ.

ಮುಗಿದ ಮೇಲೆ ಮೇಷ್ಟ್ರು ಬಿಡಲಿಲ್ಲ. “ನೋಡಿ, ಒಂದು ದಾಖಲೆ ಕೆಲಸಕ್ಕೆ ಬಂತಲ್ಲ!” ಅಂದರು.

“ಬಂತು ಮೇಷ್ಟ್ರೇ. ಮುಂದೆ ಏನು ಮಾಡಬೇಕು ಅಂತ ತಿಳಿಯೋಕೆ ಬಂತು. ಯಾರದು ತಪ್ಪು ಅಂತ ಹೇಳೋಕಲ್ಲ” ಅಂದರು ಅಕ್ಕ.

ನನ್ನ ಪ್ರಕಾರ ಇಡೀ ಪ್ರಕರಣದ ನಡುಗಂಬ ಇದೇ ಮಾತು. ಕೋಣೆಯೊಂದರಲ್ಲಿ ಕೂತು ಬೇರೆಯವರ ಲೆಕ್ಕ ಬರೆದವರ ಪುಸ್ತಕ ಬಯಲಿಗೆ ಬಿತ್ತು. ಇನ್ನೊಂದು ಕೋಣೆಯಲ್ಲಿ ನಿದ್ದೆಗೆಟ್ಟು ಗುಂಡಿ ಒತ್ತಿದವರಿಂದ ಲೋಕ ಉಳಿದಿತ್ತು, ಅದು ಅವರಿಗೇ ಗೊತ್ತಿರಲಿಲ್ಲ. ಕರ್ಮ, ಧರ್ಮ ಎರಡೂ ಅಲ್ಲೇ ಇವೆ. ಎರಡು ಕೋಣೆ ಕಟ್ಟಿದ್ದೂ ಧರ್ಮ ಅನ್ನುವ ಹೆಸರಿನ ಸಂಸ್ಥೆಯೇ, ಇದು ನನಗೆ ಇವತ್ತಿಗೂ ಯೋಚನೆಗೆ ಹಚ್ಚುತ್ತದೆ.

ಅಲ್ಲಿಂದ ಮುಂದಿನ ನಾಲ್ಕು ಸೀಸನ್ ಬೇರೆ ಥರ ಸಾಗಿದವು. ಸಾಯರ್ ಕೊನೆಗೆ ನಿಜವಾದ ಆ ಮೋಸಗಾರನನ್ನು ಕೈಯಾರೆ ಕೊಲ್ಲುತ್ತಾನೆ, ಮೊದಲಾಗಿದ್ದರೆ ‘ಲೆಕ್ಕ ಚುಕ್ತಾ’ ಅಂತ ಕೂಗುತ್ತಿದ್ದೆವು. ಈಗ ಅವನ ಮುಖ ನೋಡಿದೆವು, ಅಲ್ಲಿ ಸಮಾಧಾನವೇ ಇರಲಿಲ್ಲ. ಅದೇ ಸಾಯರ್ ನಾಲ್ಕನೇ ಸೀಸನ್ ಕೊನೆಯಲ್ಲಿ, ಹೆಲಿಕಾಪ್ಟರ್‌ನಲ್ಲಿ ಇಂಧನ ಸಾಲದೆ ಭಾರ ಇಳಿಸಬೇಕಾದಾಗ ಯಾರೂ ಕೇಳದೆ ಸಮುದ್ರಕ್ಕೆ ಹಾರುತ್ತಾನೆ. ಅವತ್ತು ಮಾತು ಬಹಳ ಹೊತ್ತು ನಡೆಯಿತು.

ಎಲ್ಲವೂ ಸರಿಹೋಯಿತು ಅನ್ನಲಾರೆ. ಮೈಕಲ್ ವಿಷಯದಲ್ಲಿ ನಾವು ಒಡೆದೆವು. ಲಿಬ್ಬಿಯನ್ನು ಕೊಂದವನು ಸಾಯಲು ನೋಡಿದರೂ ದ್ವೀಪ ಸಾಯಲು ಬಿಡುವುದಿಲ್ಲ, ಸತ್ತ ಮೇಲೂ ಬಿಡುಗಡೆ ಇಲ್ಲ, ಕಾಡಿನ ಪಿಸುಮಾತಾಗಿ ಅಲ್ಲೇ ಉಳಿಯುತ್ತಾನೆ. ಮಗನಿಗಾಗಿ ಮಾಡಿದ್ದು ಅಂತ ದಂಪತಿಗಳಲ್ಲಿ ಹೆಂಡತಿ, ಮಗನಿಗಾಗಿ ಅಂದರೆ ಏನು ಬೇಕಾದರೂ ಮಾಡಬಹುದಾ ಅಂತ ಗಂಡ. ಅಕ್ಕ ಅವತ್ತು ಒಂದು ಮಾತೂ ಆಡಲಿಲ್ಲ. ಹುಡುಗರಲ್ಲೊಬ್ಬ ಐದನೇ ಸೀಸನ್ ಹೊತ್ತಿಗೆ ಬರುವುದು ಬಿಟ್ಟ. ಇಲ್ಲಿ ಕಥೆಗಿಂತ ಬದುಕಿನ ಮಾತೇ ಜಾಸ್ತಿ ಆಯಿತು ಅಂತ ಅವನ ದೂರು. ಅವನು ಹೇಳಿದ್ದರಲ್ಲಿ ತಪ್ಪಿಲ್ಲ, ಅವನಿಗೆ ಬೇಕಾದದ್ದು ನಮ್ಮಲ್ಲಿ ಸಿಗಲಿಲ್ಲ.

ಇಂಥ ಗುಂಪು ನಡೆಸುವವರಿಗೆ

ನನ್ನ ದೊಡ್ಡ ತಪ್ಪು ಅಂದರೆ, ತೊಂದರೆ ಪದದಲ್ಲಿದೆ ಅಂದುಕೊಂಡದ್ದು. ಅದಕ್ಕೇ ಪದ ನಿಲ್ಲಿಸಿದೆ, ಆಮೇಲೆ ಪದದ ಅರ್ಥ ತಿದ್ದಲು ಹೋದೆ. ತೊಂದರೆ ಇದ್ದದ್ದು ನಾವು ಕೇಳುತ್ತಿದ್ದ ಪ್ರಶ್ನೆಯಲ್ಲಿ. ‘ಯಾಕಾಯಿತು’ ಅಂತ ಕೇಳಿದರೆ ಎಷ್ಟು ಒಳ್ಳೆಯವರೂ ತೀರ್ಪುಗಾರರಾಗಿಬಿಡುತ್ತಾರೆ, ಯಾಕೆಂದರೆ ಆ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ಭಯವಾಗುತ್ತದೆ. ಮೇಷ್ಟ್ರು ಕೆಟ್ಟವರಾಗಿ ‘ಹಿಂದಿನ ಜನ್ಮ’ ಅಂತ ಬರೆಯಲಿಲ್ಲ. ಖಾಲಿ ಕಾಲಂ ಅವರಿಂದ ನೋಡಲಾಗಲಿಲ್ಲ. ನಮ್ಮಿಂದಲೂ ಆಗುತ್ತಿರಲಿಲ್ಲ.

ಇನ್ನೊಂದು, ಆಟದ ಥರ ಶುರುವಾದ ಲೆಕ್ಕದಲ್ಲಿ ಎಲ್ಲರೂ ಕೈ ಹಾಕಿದ್ದೆವು. ಹಾಗಾಗಿ ಅದು ಯಾವಾಗ ಆಟ ಅಲ್ಲದೆ ಹೋಯಿತು ಅಂತ ಯಾರಿಗೂ ತಿಳಿಯಲಿಲ್ಲ. ಸಾವು, ಕಾಯಿಲೆ, ಮಕ್ಕಳಿಲ್ಲದ್ದು ಇಂಥದ್ದು ಕಥೆಯಲ್ಲಿ ಬಂದಾಗ ಕೋಣೆಯಲ್ಲಿ ಯಾರು ಕೂತಿದ್ದಾರೆ ಅಂತ ಒಂದು ಸಲ ಸುತ್ತ ನೋಡಿ. ಮನಸ್ತಾಪ ಆದರೆ ಮೊದಲು ಅವರ ಮನೆಗೆ ಹೋಗಿ, ಓದು ಆಮೇಲೆ ಮಾಡಿದರಾಯಿತು. ನಾನು ಮೂರು ವಾರ ತಡ ಮಾಡಿದೆ, ಆ ಮೂರು ವಾರ ಅಕ್ಕ ನಮ್ಮ ಬಗ್ಗೆ ಏನಂದುಕೊಂಡಿರ್ತಾರೆ ಅಂತ ನೆನೆದರೆ ಈಗಲೂ ಸಂಕಟ.

ಕೊನೆಯ ಎಪಿಸೋಡ್ ನೋಡಿದ್ದು ಒಂದು ಮಳೆ ಬರುತ್ತಿದ್ದ ಶನಿವಾರ. ಸತ್ತವರೆಲ್ಲ ಒಂದು ಚರ್ಚ್‌ನಲ್ಲಿ ಸೇರುತ್ತಾರೆ, ಅಲ್ಲಿಯ ಬಣ್ಣದ ಗಾಜಿನ ಕಿಟಕಿಯಲ್ಲಿ ಶಿಲುಬೆ, ಚಂದ್ರ, ಓಂಕಾರ, ಧರ್ಮಚಕ್ರ ಎಲ್ಲ ಒಟ್ಟಿಗೆ ಇವೆ. ಬೆನ್ ಅನ್ನುವವನು, ಎಷ್ಟೋ ಕೊಲೆ ಮಾಡಿದವನು, ತನ್ನ ಹಟಕ್ಕೆ ಸಾಕುಮಗಳನ್ನೂ ಕಳೆದುಕೊಂಡವನು, ಒಳಗೆ ಹೋಗದೆ ಹೊರಗೆ ಬೆಂಚಿನ ಮೇಲೆ ಕೂರುತ್ತಾನೆ. ತಾನು ಮುಗಿಸಬೇಕಾದದ್ದು ಇನ್ನೂ ಇದೆ ಅನ್ನುತ್ತಾನೆ. ಯಾರೂ ಅವನನ್ನು ತಡೆದಿಲ್ಲ. ಅವನೇ ಉಳಿದಿದ್ದಾನೆ. “ಕೂತಿರಲಿ ಬಿಡಿ” ಅಂದರು ಅಕ್ಕ, ಬಹಳ ಮೆತ್ತಗೆ.

ಹೊರಡುವಾಗ ಮೇಷ್ಟ್ರು ನೋಟ್‌ಬುಕ್ ನನ್ನ ಕೈಗೆ ಕೊಟ್ಟು, ಇಟ್ಕೊಳ್ಳಿ ಅಂದರು. ರಾತ್ರಿ ಎಲ್ಲರೂ ಹೋದ ಮೇಲೆ ತೆಗೆದು ನೋಡಿದೆ. ಎರಡನೇ ಸೀಸನ್ ಆದಮೇಲೆ ಪುಟಗಳಲ್ಲಿ ನಡುಗೆರೆ ಇರಲಿಲ್ಲ, ಸುಮ್ಮನೆ ಅವರವರು ಮಾಡಿದ್ದನ್ನು ಬರೆದಿದ್ದರು. ಹಿಂದಕ್ಕೆ ತಿರುಗಿಸಿ ಲಿಬ್ಬಿಯ ಸಾಲು ಹುಡುಕಿದೆ. ಎಡಗಡೆಯ ‘ಹಿಂದಿನ ಜನ್ಮ’ ಅನ್ನುವುದನ್ನು ಸ್ಕೇಲ್ ಇಟ್ಟು ಹೊಡೆದುಹಾಕಿದ್ದರು. ಅದರ ಕೆಳಗೆ ನೀಲಿ ಶಾಯಿಯಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಕಂಬಳಿ ತರಲು ಹೋಗಿದ್ದಳು.’